ನ್ಯೂಟ್ರಾನ್ ಕೊರತೆಯ ನ್ಯೂಕ್ಲಿಯಸ್: ಯಾವ ಗಾಮಾ ಪ್ರಯೋಗಕ್ಕೆ ಅರ್ಜಿ ಹಾಕಬೇಕು?

ಕೋರ್ಸ್‌ವರ್ಕ್ ಮುಗಿದು, ಗೈಡ್ ನ್ಯೂಟ್ರಾನ್ ಕೊರತೆಯ (ಸ್ಥಿರ ಐಸೊಟೋಪ್‌ಗಿಂತ ಕಡಿಮೆ ನ್ಯೂಟ್ರಾನ್ ಇರುವ) ಒಂದು ನ್ಯೂಕ್ಲಿಯಸ್ಸಿನ ಹೆಸರು ಹೇಳಿದ ಮೇಲೆ ಸಂಶೋಧನಾ ವಿದ್ಯಾರ್ಥಿಗಳ ತಲೆ ತಿನ್ನುವ ಪ್ರಶ್ನೆ ಇದು. ಮುಂಬೈ, ದೆಹಲಿ, ಕೋಲ್ಕತ್ತಗಳ ನಡುವೆ ಓಡಾಡುವ ಗಾಮಾ ಡಿಟೆಕ್ಟರ್ ಗುಚ್ಛ ಇಂಗಾಕ್ಕೆ ಪ್ರಪೋಸಲ್ ಬರೆಯುವುದೋ, ಫಿನ್‌ಲೆಂಡಿನ ಯುವಾಸ್ಕುಲದ ವೇಗವರ್ಧಕ ಪ್ರಯೋಗಾಲಯಕ್ಕೆ ಬರೆಯುವುದೋ, ಯಾವುದಾದರೂ ಡಿಕೇ (ನ್ಯೂಕ್ಲಿಯಸ್ಸಿನ ಕ್ಷಯ) ಪ್ರಯೋಗದ ಗುಂಪಿಗೆ ಸೇರಿಕೊಳ್ಳುವುದೋ, ಇಲ್ಲ ಹಳೆಯ ಡೇಟಾ ಕೆದಕುವುದೋ? ಕರ್ನಾಟಕದಲ್ಲೇ ಕೂತು ಮಾಡುವ ಪ್ರಯೋಗವಂತೂ ಅಲ್ಲ. ಮಂಗಳೂರು ವಿಶ್ವವಿದ್ಯಾಲಯದ ಮೈಕ್ರೋಟ್ರಾನ್ ಎಲೆಕ್ಟ್ರಾನ್ ಯಂತ್ರ. ಇಲ್ಲಿ ಬೇಕಾದದ್ದು ಭಾರ ಅಯಾನುಗಳ ಬೀಮ್. ಎಲ್ಲಿಗಾದರೂ ಹೋಗಲೇಬೇಕು. ಹೆಚ್ಚಿನವರು ಯಂತ್ರದ ಹೆಸರು ನೋಡಿ ಆರಿಸುತ್ತಾರೆ. ಆರಿಸಬೇಕಾದದ್ದು ಕ್ರಾಸ್ ಸೆಕ್ಷನ್ (ಬೇಕಾದ ನ್ಯೂಕ್ಲಿಯಸ್ ಹುಟ್ಟುವ ಸಾಧ್ಯತೆಯ ಅಳತೆ, ಏಕಮಾನ ಬಾರ್ನ್) ನೋಡಿ.

ಮೊದಲು ಕೇಳಿಕೊಳ್ಳಬೇಕಾದವು

ಸ್ಥಿರವಾದ ಎರಡು ನ್ಯೂಕ್ಲಿಯಸ್‌ಗಳನ್ನು ಬೆಸೆದರೆ ಹುಟ್ಟುವ ಸಂಯುಕ್ತ ನ್ಯೂಕ್ಲಿಯಸ್ ತಾನಾಗಿಯೇ ನ್ಯೂಟ್ರಾನ್ ಕೊರತೆಯದಾಗಿರುತ್ತದೆ, ಯಾಕೆಂದರೆ ಭಾರ ಹೆಚ್ಚಿದಂತೆ ಸ್ಥಿರತೆಯ ರೇಖೆ ನ್ಯೂಟ್ರಾನ್ ಕಡೆಗೆ ಬಾಗುತ್ತದೆ. ಹಾಗಾಗಿ ಫ್ಯೂಷನ್-ಇವಾಪರೇಶನ್ (ಬೆಸೆದ ನ್ಯೂಕ್ಲಿಯಸ್ ಕಣಗಳನ್ನು ಬಿಟ್ಟು ತಣಿಯುವ ಪ್ರಕ್ರಿಯೆ) ಈ ಕ್ಷೇತ್ರದ ದುಡಿಯುವ ಎತ್ತು. ತೊಂದರೆ ಅದರ ನಂತರ ಶುರು. ಕೊರತೆ ಹೆಚ್ಚಿದಷ್ಟೂ ಪ್ರೋಟಾನ್‌ಗಳ ಬಂಧ ಸಡಿಲ, ನ್ಯೂಟ್ರಾನ್‌ಗಳದ್ದು ಬಿಗಿ. ಬಿಸಿಯಾದ ನ್ಯೂಕ್ಲಿಯಸ್ ನ್ಯೂಟ್ರಾನ್ ಬಿಡುವ ಬದಲು ಪ್ರೋಟಾನ್, ಆಲ್ಫಾಗಳನ್ನು ಉಗುಳುತ್ತದೆ. ಒಂದೇ ಟಾರ್ಗೆಟ್‌ನಿಂದ ಹತ್ತು ಹದಿನೈದು ಬೇರೆ ಬೇರೆ ನ್ಯೂಕ್ಲಿಯಸ್‌ಗಳು ಒಟ್ಟಿಗೆ ಹೊರಬರುತ್ತವೆ, ನಿಮಗೆ ಬೇಕಾದದ್ದು ಅವುಗಳಲ್ಲೆಲ್ಲ ಬಡಪಾಯಿ.

ಎಷ್ಟು ಬಡಪಾಯಿ ಎಂಬುದನ್ನು ಕಾಗದದ ಮೇಲೆ ಹಾಕಿ ನೋಡಿ. ಟಾರ್ಗೆಟ್ಟಿನ ದ್ರವ್ಯರಾಶಿ ಸಂಖ್ಯೆ 100, ದಪ್ಪ ಚದರ ಸೆಂಟಿಮೀಟರಿಗೆ 1 ಮಿಲಿಗ್ರಾಂ, ಬೀಮ್ 1 ಪಾರ್ಟಿಕಲ್ ನ್ಯಾನೊಆಂಪಿಯರ್ (ಸೆಕೆಂಡಿಗೆ 624 ಕೋಟಿ ಅಯಾನು) ಎಂದಿಟ್ಟುಕೊಳ್ಳಿ. ಒಟ್ಟು ಫ್ಯೂಷನ್ 500 ಮಿಲಿಬಾರ್ನ್ ಇದ್ದರೆ ಸೆಕೆಂಡಿಗೆ ಸುಮಾರು 19,000 ಬೆಸುಗೆ. 1 ಮಿಲಿಬಾರ್ನ್‌ನ ಚಾನೆಲ್‌ಗೆ (ಇಂತಿಷ್ಟು ಕಣ ಬಿಟ್ಟು ಒಂದು ನಿರ್ದಿಷ್ಟ ನ್ಯೂಕ್ಲಿಯಸ್ ಉಳಿಯುವ ದಾರಿ) ಸೆಕೆಂಡಿಗೆ 37. 1 ಮೈಕ್ರೋಬಾರ್ನ್‌ಗೆ ಗಂಟೆಗೆ 135, ದಿನಕ್ಕೆ ಹೆಚ್ಚುಕಮ್ಮಿ 3,200. ಮುಂದಿನ ಎಲ್ಲ ತೀರ್ಮಾನಗಳೂ ಈ ನಾಲ್ಕು ಸಂಖ್ಯೆಗಳಿಂದಲೇ ಬರುತ್ತವೆ.

ಎರಡನೆಯದು, ನಿಮಗೆ ಯಾವ ಮಟ್ಟಗಳು ಬೇಕು? ತಿರುಗುವ ಬ್ಯಾಂಡ್‌ಗಳ ಮೇಲ್ತುದಿಯ ಹೈ-ಸ್ಪಿನ್ ಮಟ್ಟಗಳೋ, ತಳದ 0+, 2+ (ಸ್ಪಿನ್ ಮತ್ತು ಪ್ಯಾರಿಟಿಯ ಗುರುತು) ಮಟ್ಟಗಳೋ, ಆಯಸ್ಸಿನ ಅಳತೆಯೋ? ಮೂರನೆಯದು, ಆ ನ್ಯೂಕ್ಲಿಯಸ್ ಹೇಗೆ ಸಾಯುತ್ತದೆ, ಎಷ್ಟು ಹೊತ್ತಿನಲ್ಲಿ? ನಾಲ್ಕನೆಯದು, ಅದರ ಒಂದು ಗಾಮಾ ಗೆರೆಯಾದರೂ ಈಗಾಗಲೇ ಗೊತ್ತಿದೆಯೇ? ಇದನ್ನು ಅಲಕ್ಷ್ಯ ಮಾಡುವವರೇ ಹೆಚ್ಚು. ಕೊನೆಗೆ ಪ್ರಯಾಣದ ದುಡ್ಡು, ಫೆಲೋಶಿಪ್‌ನಲ್ಲಿ ಉಳಿದಿರುವ ವರ್ಷ.

ಇಂಗಾ: ಮಿಲಿಬಾರ್ನ್‌ಗಳ ರಾಜ್ಯ

ಇಂಡಿಯನ್ ನ್ಯಾಷನಲ್ ಗಾಮಾ ಅರೇ ಎಂದರೆ ಕಾಂಪ್ಟನ್ ಸಪ್ರೆಷನ್ (ಪೂರ್ತಿ ಶಕ್ತಿ ಕೊಡದೆ ಚದುರಿ ಹೋದ ಗಾಮಾಗಳನ್ನು ಕೈಬಿಡುವ ಏರ್ಪಾಡು) ಇರುವ 24 ಕ್ಲೋವರ್ ಡಿಟೆಕ್ಟರ್‌ಗಳಿಗೆ ಜಾಗವಿರುವ ಚೌಕಟ್ಟು. ಒಂದೊಂದು ಕ್ಲೋವರ್‌ನಲ್ಲಿ ನಾಲ್ಕು ಜರ್ಮೇನಿಯಂ ಹರಳು. ಮುಂಬೈಯ ಟಿಐಎಫ್‌ಆರ್, ದೆಹಲಿಯ ಐಯುಎಸಿ, ಕೋಲ್ಕತ್ತದ ವಿಇಸಿಸಿ ಈ ಮೂರು ವೇಗವರ್ಧಕಗಳಲ್ಲಿ ಸರದಿಯಂತೆ ಅದನ್ನು ಕಟ್ಟುತ್ತಾರೆ. ಈಗ ಅದು ಎಲ್ಲಿದೆ, ಎಷ್ಟು ಕ್ಲೋವರ್ ಕೆಲಸ ಮಾಡುತ್ತಿವೆ ಎಂದು ವಿಚಾರಿಸದೆ ಪ್ರಪೋಸಲ್ ಬರೆಯಬೇಡಿ. 24ರ ಬದಲು 16 ಇದ್ದರೆ ಎರಡು ಗಾಮಾಗಳ ಕೋಯಿನ್ಸಿಡೆನ್ಸ್ (ಒಟ್ಟಿಗೆ ಸಿಗುವುದು) ಅರ್ಧಕ್ಕೂ ಕೆಳಗಿಳಿಯುತ್ತದೆ.

ಪೂರ್ತಿ ಅರೇಯಲ್ಲಿ 1 ಎಂಇವಿ (1000 ಕೆಇವಿ, ಶಕ್ತಿಯ ಏಕಮಾನ) ಗಾಮಾಕ್ಕೆ ಫೋಟೋಪೀಕ್ ದಕ್ಷತೆ (ಪೂರ್ತಿ ಶಕ್ತಿ ದಾಖಲಾಗುವ ಪಾಲು) ಸುಮಾರು 5 ಶೇಕಡ. ಒಂದರ ಹಿಂದೊಂದು ಬರುವ ಎರಡು ಗಾಮಾಗಳನ್ನು ಒಟ್ಟಿಗೆ ಹಿಡಿಯುವ ಸಾಧ್ಯತೆ 400ಕ್ಕೆ 1. ಮೇಲಿನ ಲೆಕ್ಕದಲ್ಲಿ 1 ಮಿಲಿಬಾರ್ನ್ ಚಾನೆಲ್‌ಗೆ ದಿನಕ್ಕೆ 8,000 ಕೋಯಿನ್ಸಿಡೆನ್ಸ್ ಸಿಗುತ್ತದೆ, ಧಾರಾಳವಾಯಿತು. 1 ಮೈಕ್ರೋಬಾರ್ನ್‌ಗೆ ದಿನಕ್ಕೆ 8. ಅವು ಕೋಟಿಗಟ್ಟಲೆ ಬೇರೆ ಎಣಿಕೆಗಳ ಅಡಿಯಲ್ಲಿ ಹೂತುಹೋಗುತ್ತವೆ. ಬರೀ ಇಂಗಾ ಬಳಸುವುದಾದರೆ ಕ್ರಾಸ್ ಸೆಕ್ಷನ್ ಕೆಲವು ಮಿಲಿಬಾರ್ನ್‌ಗಿಂತ ಕೆಳಗೆ ಇಳಿಯಬಾರದು.

ಅಷ್ಟಿದ್ದರೆ ಮಾತ್ರ ಇದಕ್ಕಿಂತ ಒಳ್ಳೆಯ ಪಾಠಶಾಲೆ ಇಲ್ಲ. ಲೆವೆಲ್ ಸ್ಕೀಮ್ (ಮಟ್ಟಗಳ ನಕ್ಷೆ), ಸ್ಪಿನ್, ಪ್ಯಾರಿಟಿ, ಆಯಸ್ಸು ನಾಲ್ಕೂ ಒಂದೇ ಪ್ರಯೋಗದಲ್ಲಿ ಸಿಗುತ್ತವೆ. ಕ್ಲೋವರ್‌ನ ನಾಲ್ಕು ಹರಳುಗಳೇ ಕಾಂಪ್ಟನ್ ಪೋಲಾರಿಮೀಟರ್ ಆಗುವುದರಿಂದ 90 ಡಿಗ್ರಿಯ ಕ್ಲೋವರ್‌ಗಳಿಂದ ಗಾಮಾ ವಿದ್ಯುತ್ ಜಾತಿಯದೋ ಕಾಂತ ಜಾತಿಯದೋ ಎಂದು ಹೇಳಬಹುದು. ಕ್ಯಾಡ್ಮಿಯಂ-105ರಲ್ಲಿ ಆಂಟಿಮ್ಯಾಗ್ನೆಟಿಕ್ ರೊಟೇಶನ್ (ಕಾಂತತೆ ಪರಸ್ಪರ ರದ್ದಾಗುವ ವಿಶೇಷ ತಿರುಗುವಿಕೆ) ಇದೆ ಎಂದು ಆಯಸ್ಸು ಅಳೆದು ತೋರಿಸಿದ ಕೆಲಸ ಇಂಥದ್ದೇ.

ಇಲ್ಲಿ ನಿಜವಾಗಿ ಎಡವುವುದು ಟಾರ್ಗೆಟ್ ಆಯ್ಕೆಯಲ್ಲಿ. ತೆಳು ಟಾರ್ಗೆಟ್ ಇಟ್ಟರೆ ಹುಟ್ಟಿದ ನ್ಯೂಕ್ಲಿಯಸ್ ಬೆಳಕಿನ ವೇಗದ 2 ಶೇಕಡದಷ್ಟು ವೇಗದಲ್ಲಿ ಹಾರುತ್ತಲೇ ಗಾಮಾ ಬಿಡುತ್ತದೆ. ಕ್ಲೋವರ್ 25 ಸೆಂ.ಮೀ ದೂರದಲ್ಲಿದೆ, ಹರಳಿನ ಅಗಲ ಸುಮಾರು 5 ಸೆಂ.ಮೀ. 90 ಡಿಗ್ರಿಯಲ್ಲಿ ಒಂದೇ ಹರಳಿನ ಎರಡು ಅಂಚುಗಳ ನಡುವೆ ಡಾಪ್ಲರ್ ಪರಿಣಾಮದಿಂದ (ಮೂಲ ಚಲಿಸುವುದರಿಂದ ಶಕ್ತಿ ಸರಿಯುವುದು) 1000 ಕೆಇವಿ ಗಾಮಾದ ಶಕ್ತಿ 4 ಕೆಇವಿ ವ್ಯತ್ಯಾಸವಾಗುತ್ತದೆ. ಡಿಟೆಕ್ಟರಿನ ಸ್ವಂತ ರೆಸಲ್ಯೂಷನ್ 2 ಕೆಇವಿ ಇದ್ದು ಏನು ಫಲ? ಟಾರ್ಗೆಟ್ಟಿನ ಹಿಂಬದಿಗೆ ಚಿನ್ನದ ಅಥವಾ ಸೀಸದ ದಪ್ಪ ಹಾಳೆ (ಚದರ ಸೆಂ.ಮೀ.ಗೆ 5ರಿಂದ 10 ಮಿ.ಗ್ರಾಂ) ಇಟ್ಟರೆ ನ್ಯೂಕ್ಲಿಯಸ್ ಒಂದೆರಡು ಪಿಕೋಸೆಕೆಂಡಿನಲ್ಲಿ ನಿಲ್ಲುತ್ತದೆ, ಗೆರೆಗಳು ಚೂಪಾಗುತ್ತವೆ. ಆದರೆ ಬ್ಯಾಂಡಿನ ತುದಿಯ ಮಟ್ಟಗಳು ನಿಲ್ಲುವ ಮುಂಚೆಯೇ ಸಾಯುವುದರಿಂದ ಅವುಗಳ ಗೆರೆ ಬಾಲ ಬಿಟ್ಟು ಹರಡುತ್ತದೆ. ಆ ಬಾಲದ ಆಕಾರದಿಂದಲೇ 0.1ರಿಂದ 1 ಪಿಕೋಸೆಕೆಂಡ್ ಆಯಸ್ಸು ಅಳೆಯುವುದು ಡಾಪ್ಲರ್ ಅಟೆನ್ಯುಯೇಶನ್ ವಿಧಾನ. ಹಾಗಾಗಿ: ಆಯಸ್ಸು ಮತ್ತು ಮಧ್ಯಮ ಸ್ಪಿನ್ ಬೇಕಾದವರು ಹಾಳೆ ಇರುವ ಟಾರ್ಗೆಟ್, ಸೂಪರ್‌ಡಿಫಾರ್ಮ್ಡ್‌ನಂಥ (ತೀರಾ ಉದ್ದಕ್ಕೆ ಚಾಚಿದ ನ್ಯೂಕ್ಲಿಯಸ್ಸಿನ) ವೇಗದ ಬ್ಯಾಂಡ್ ಹುಡುಕುವವರು ತೆಳು ಟಾರ್ಗೆಟ್. ಎರಡೂ ಬೇಕೆಂದು ಮಧ್ಯದ ದಪ್ಪ ಆರಿಸಿದರೆ ಎರಡೂ ಕೆಡುತ್ತವೆ. ಬೀಮ್ ಸಿಗುವ ಪಾಳಿಗಳನ್ನು (ಶಿಫ್ಟ್) ಎರಡು ಟಾರ್ಗೆಟ್‌ಗಳಿಗೆ ಹಂಚಿಕೊಳ್ಳುವುದು ವಾಸಿ.

ಸ್ಪೆಕ್ಟ್ರಮ್‌ನಲ್ಲಿ ಹೊಸ ಗೆರೆ ಕಂಡರೆ ಹಿಗ್ಗುವ ಮುಂಚೆ ಈ ಪಟ್ಟಿ ತಾಳೆ ನೋಡಿ. ಚಿನ್ನದ ಹಾಳೆಯಿಂದ ಕೂಲಂಬ್ ಎಕ್ಸೈಟೇಶನ್‌ನ (ಬೀಮಿನ ವಿದ್ಯುತ್ ಬಲದಿಂದಲೇ ನ್ಯೂಕ್ಲಿಯಸ್ ಉದ್ರೇಕಗೊಳ್ಳುವುದು) 279 ಮತ್ತು 547 ಕೆಇವಿ. ಅಲ್ಯೂಮಿನಿಯಂ ಚೌಕಟ್ಟಿನಿಂದ 843 ಮತ್ತು 1014. ನ್ಯೂಟ್ರಾನ್‌ಗಳು ಜರ್ಮೇನಿಯಂ ಹರಳಿಗೇ ಬಡಿದು ಎಬ್ಬಿಸುವ, ಬಲಕ್ಕೆ ಬಾಲ ಚಾಚಿದ ತ್ರಿಕೋನದಂಥ 596 ಮತ್ತು 691. ಮತ್ತೆ ಪಾಸಿಟ್ರಾನ್ ಅಳಿಯುವಾಗಿನ 511 ಅಂತೂ ಎಲ್ಲೆಡೆ. ಟಾರ್ಗೆಟ್ ಮೇಲೆ ಪಂಪಿನ ಎಣ್ಣೆಯಿಂದ ಕಾರ್ಬನ್ ಕೂತರೆ ಅದರ ಜೊತೆಗಿನ ಫ್ಯೂಷನ್ನೂ ಹೊಸ ನ್ಯೂಕ್ಲಿಯಸ್ಸಿನ ವೇಷ ಹಾಕಿ ಬರುತ್ತದೆ. ಟಾರ್ಗೆಟ್ ಮೇಲೆ ಕಪ್ಪು ಚುಕ್ಕೆ ಕಂಡರೆ ಬೀಮ್ ಬಿದ್ದ ಜಾಗವೇ ಅದು. ಬೀಮನ್ನು ಬೇರೆ ಕಡೆ ಸರಿಸಿ.

ಕಣಗಳನ್ನೂ ಹಿಡಿಯುವ ಮಧ್ಯದ ದಾರಿ

1 ಮಿಲಿಬಾರ್ನ್‌ಗಿಂತ ಕೆಳಗೆ, ಕೆಲವು ಮೈಕ್ರೋಬಾರ್ನ್‌ವರೆಗೆ, ಹೊರಬಿದ್ದ ಪ್ರೋಟಾನ್, ಆಲ್ಫಾ, ನ್ಯೂಟ್ರಾನ್‌ಗಳನ್ನು ಎಣಿಸಿ ಚಾನೆಲ್ ಗುರುತಿಸಬಹುದು. ಪ್ರೋಟಾನ್, ಆಲ್ಫಾಗಳಿಗೆ ಟಾರ್ಗೆಟ್ ಸುತ್ತ ಸೀಸಿಯಂ ಅಯೊಡೈಡ್ ಹರಳುಗಳು, ನ್ಯೂಟ್ರಾನ್‌ಗಳಿಗೆ ಮುಂದಿನ ದಿಕ್ಕಿನಲ್ಲಿ ದ್ರವ ಸಿಂಟಿಲೇಟರ್. ಹೊಸ ನ್ಯೂಕ್ಲಿಯಸ್ಸಿನ ಒಂದು ಗೆರೆಯೂ ಗೊತ್ತಿಲ್ಲದಿದ್ದಾಗ, ಅದು ಆಲ್ಫಾ ಕೂಡ ಬಿಡದಿದ್ದಾಗ, ಇದೇ ದಾರಿ. ಫ್ರಾನ್ಸಿನ ಗ್ಯಾನಿಲ್ ವೇಗವರ್ಧಕ ಕೇಂದ್ರದಲ್ಲಿ ಪೆಲಾಡಿಯಂ-92 ಸಿಕ್ಕಿದ್ದು ಹೀಗೆ: ನಿಕ್ಕಲ್-58ರ ಮೇಲೆ 111 ಎಂಇವಿಯ ಆರ್ಗಾನ್-36, ಎರಡು ನ್ಯೂಟ್ರಾನ್ ಹೊರಬಿದ್ದು ಒಂದು ಪ್ರೋಟಾನೂ ಬೀಳದ ಘಟನೆಗಳು ಮಾತ್ರ. ಉಳಿದದ್ದು ಮೂರು ಗೆರೆ: 874, 912, 750 ಕೆಇವಿ. 2011ರಲ್ಲಿ ಪ್ರಕಟವಾದ ಆ ಮೂರು ಗೆರೆಗಳ ಸಮಾನ ಅಂತರದಿಂದಲೇ ನ್ಯೂಟ್ರಾನ್-ಪ್ರೋಟಾನ್ ಜೋಡಿಯ ಬಗ್ಗೆ ದೊಡ್ಡ ಚರ್ಚೆ ಎದ್ದಿತು.

ಸೋರಿಕೆ ಇದರ ಶಾಪ. ಪ್ರೋಟಾನ್ ಹಿಡಿಯುವ ದಕ್ಷತೆ 65 ಶೇಕಡ ಎಂದುಕೊಳ್ಳಿ. ಮೂರು ಪ್ರೋಟಾನ್ ಬಿಟ್ಟ ನ್ಯೂಕ್ಲಿಯಸ್, ಒಂದು ತಪ್ಪಿಸಿಕೊಂಡಾಗ, ಎರಡು ಪ್ರೋಟಾನಿನ ಗೇಟ್‌ನಲ್ಲಿ (ಘಟನೆಗಳನ್ನು ಆರಿಸುವ ಷರತ್ತು) ಬಂದು ಕೂರುತ್ತದೆ; ಅದರ ಕ್ರಾಸ್ ಸೆಕ್ಷನ್ ನಿಮ್ಮದಕ್ಕಿಂತ ನೂರು ಪಟ್ಟು ಹೆಚ್ಚಿದ್ದರೆ ಗೇಟ್ ತುಂಬ ಅದೇ. ನ್ಯೂಟ್ರಾನ್ ಕತೆ ಇನ್ನೂ ಕಷ್ಟ: ಒಂದೇ ನ್ಯೂಟ್ರಾನ್ ಒಂದು ಡಿಟೆಕ್ಟರಿಗೆ ಬಡಿದು ಪಕ್ಕದ್ದಕ್ಕೆ ಚಿಮ್ಮಿ ಎರಡಾಗಿ ಕಾಣಿಸಿಕೊಳ್ಳುತ್ತದೆ. ಎರಡು ಬಡಿತಗಳ ಸಮಯದ ಅಂತರವನ್ನೂ ಡಿಟೆಕ್ಟರ್‌ಗಳ ದೂರವನ್ನೂ ಹೋಲಿಸಿ ಇಂಥವನ್ನು ತೆಗೆಯಬೇಕು, ತೆಗೆದಾಗ ನಿಜವಾದವೂ ಒಂದಷ್ಟು ಹೋಗುತ್ತವೆ. ಸೀಸಿಯಂ ಅಯೊಡೈಡ್ ಮುಂದೆ ಚದುರಿದ ಬೀಮ್ ತಡೆಯಲು ಟ್ಯಾಂಟಲಂ ಹಾಳೆ ಇಡುತ್ತಾರೆ. ಹಾಳೆ ದಪ್ಪವಾದರೆ ಕಡಿಮೆ ಶಕ್ತಿಯ ಆಲ್ಫಾಗಳೂ ಅಲ್ಲೇ ನಿಲ್ಲುತ್ತವೆ. ಸೆಟಪ್ಪಿಗೆ ಕೈ ಹಚ್ಚಲು ಮೂರ್ನಾಲ್ಕು ಜನ ಇರುವ ಗುಂಪಿನಲ್ಲಿ ಮಾತ್ರ ಇದನ್ನು ಆರಿಸಿ. ಒಬ್ಬ ವಿದ್ಯಾರ್ಥಿ ಒಬ್ಬ ಗೈಡ್ ಸೇರಿ ಮಾಡುವ ಕೆಲಸವಲ್ಲ.

ಟ್ಯಾಗಿಂಗ್: ಮೈಕ್ರೋಬಾರ್ನ್‌ನಿಂದ ನ್ಯಾನೊಬಾರ್ನ್‌ಗೆ

ಸೀಸ, ಪಾದರಸ, ಪೊಲೋನಿಯಂಗಳ ನ್ಯೂಟ್ರಾನ್ ಕೊರತೆಯ ಐಸೊಟೋಪ್‌ಗಳಲ್ಲಿ ಇಂಗಾದ ಲೆಕ್ಕ ಪೂರ್ತಿ ಮುರಿಯುತ್ತದೆ. ಅಲ್ಲಿ ಸಂಯುಕ್ತ ನ್ಯೂಕ್ಲಿಯಸ್‌ಗಳಲ್ಲಿ ಬಹುಪಾಲು ಒಡೆದು ಫಿಷನ್ ಆಗುತ್ತವೆ, ಗಾಮಾ ಸ್ಪೆಕ್ಟ್ರಮ್ ತುಂಬ ಫಿಷನ್ ತುಂಡುಗಳದೇ ಗದ್ದಲ. ಪರಿಹಾರ ರಿಕಾಯಿಲ್-ಡಿಕೇ ಟ್ಯಾಗಿಂಗ್. ಟಾರ್ಗೆಟ್ ಸುತ್ತ ಗಾಮಾ ಅರೇ. ಹುಟ್ಟಿದ ನ್ಯೂಕ್ಲಿಯಸ್ ಸೆಪರೇಟರ್ (ಅದನ್ನು ಬೀಮಿನಿಂದ ಬೇರ್ಪಡಿಸುವ ಯಂತ್ರ) ಮೂಲಕ ಸಾಗಿ ಸಿಲಿಕಾನ್ ಡಿಟೆಕ್ಟರಿನಲ್ಲಿ ಹೂತುಕೊಳ್ಳುತ್ತದೆ. ಅದೇ ಪಿಕ್ಸೆಲ್‌ನಲ್ಲಿ ಆಮೇಲೆ ಅದರದೇ ಶಕ್ತಿಯ ಆಲ್ಫಾ ಹೊರಟರೆ, ಹಿಂದೆ ಟಾರ್ಗೆಟ್ ಬಳಿ ಬಂದ ಗಾಮಾ ಅದರದ್ದೇ. 1980ರ ದಶಕದಲ್ಲಿ ಜರ್ಮನಿಯ ಜಿಎಸ್‌ಐ ಪ್ರಯೋಗಾಲಯದಲ್ಲಿ ಪಾದರಸ-180ರ ಮೇಲೆ ಮೊದಲು ತೋರಿಸಿದ ಉಪಾಯ. ಈಗ ಯುವಾಸ್ಕುಲದಲ್ಲಿ ಹೀಲಿಯಂ ತುಂಬಿದ ರಿಟು ಸೆಪರೇಟರ್, ನಿರ್ವಾತದ ಮಾರಾ, ಎರಡಕ್ಕೂ ಸರಿಸಬಹುದಾದ ಜುರೋಗ್ಯಾಮ್ ಅರೇ ಇವೆ. ಅಮೆರಿಕದ ಆರ್ಗಾನ್ ರಾಷ್ಟ್ರೀಯ ಪ್ರಯೋಗಾಲಯದಲ್ಲಿ ಗ್ಯಾಮಾಸ್ಫಿಯರ್ ಎಂಬ ಗಾಮಾ ಅರೇ ಜೊತೆ ಎಫ್‌ಎಂಎ ಮತ್ತು ಆಗ್ಫಾ ಸೆಪರೇಟರ್‌ಗಳು.

ಲೆಕ್ಕ ಮತ್ತೆ ಹಾಕಿ. 1 ಮೈಕ್ರೋಬಾರ್ನ್, ಮೊದಲಿನದೇ ಬೀಮ್ ಮತ್ತು ಟಾರ್ಗೆಟ್, ಸೆಪರೇಟರ್ ಸಾಗಣೆ 35 ಶೇಕಡ, ಸಿಲಿಕಾನ್‌ನಲ್ಲಿ ಆಲ್ಫಾದ ಪೂರ್ತಿ ಶಕ್ತಿ ಸಿಗುವುದು 55 ಶೇಕಡ (ಉಳಿದವು ಹೊರಮುಖವಾಗಿ ತಪ್ಪಿಸಿಕೊಳ್ಳುತ್ತವೆ), ಗಾಮಾ ದಕ್ಷತೆ 6 ಶೇಕಡ. ದಿನಕ್ಕೆ ಸುಮಾರು 37 ಎಣಿಕೆ ಬರುತ್ತದೆ. ಇಂಗಾದ 8ಕ್ಕಿಂತ ಬಹಳವೇನೂ ಹೆಚ್ಚಲ್ಲ ಅನ್ನಿಸಬಹುದು. ಆದರೆ ಈ 37ರ ಅಡಿಯಲ್ಲಿ ಹಿನ್ನೆಲೆ ಇಲ್ಲವೆಂದೇ ಹೇಳಬೇಕು, ಬೀಮನ್ನು 10 ಪಟ್ಟು ಏರಿಸಿದರೆ 370. ಟೈಟಾನಿಯಂ-50 ಬೀಮಿನಿಂದ ಹುಟ್ಟಿದ ರುದರ್‌ಫೋರ್ಡಿಯಂ-256ರ ತಿರುಗುವ ಬ್ಯಾಂಡ್ ಅನ್ನು 2012ರಲ್ಲಿ ಹೀಗೆ ಕಂಡದ್ದು ಕೇವಲ 17 ನ್ಯಾನೊಬಾರ್ನ್‌ನಲ್ಲಿ.

ಅರ್ಧಾಯಸ್ಸಿನ ಮಿತಿಯನ್ನು ಮಾತ್ರ ಮರೆಯಬೇಡಿ. ಒಂದು ಮಿಲಿಮೀಟರ್ ಪಟ್ಟಿಗಳ ಎರಡು ಸಿಲಿಕಾನ್ ಡಿಟೆಕ್ಟರ್, ಒಟ್ಟು 4,800 ಪಿಕ್ಸೆಲ್. ಸೆಕೆಂಡಿಗೆ 1,000 ನ್ಯೂಕ್ಲಿಯಸ್ ಬಂದು ಹೂತುಕೊಂಡರೆ ಒಂದೇ ಪಿಕ್ಸೆಲ್‌ಗೆ ಸರಾಸರಿ 4.8 ಸೆಕೆಂಡಿಗೊಂದು. ಈಗ ಸೀಸದ ಸಾಲು ನೋಡಿ: ಸೀಸ-182ರ ಅರ್ಧಾಯಸ್ಸು 55 ಮಿಲಿಸೆಕೆಂಡ್, 184ರದು ಸುಮಾರು ಅರ್ಧ ಸೆಕೆಂಡ್, 186ರದು 4.8 ಸೆಕೆಂಡ್, 188ರದು 25. ಮೊದಲ ಎರಡಕ್ಕೆ ಟ್ಯಾಗಿಂಗ್ ಹೇಳಿ ಮಾಡಿಸಿದ್ದು. 186ಕ್ಕೆ ಬಂದಾಗ ಆಲ್ಫಾ ಹೊರಡುವಷ್ಟರಲ್ಲಿ ಅದೇ ಪಿಕ್ಸೆಲ್‌ಗೆ ಮತ್ತೊಂದು ನ್ಯೂಕ್ಲಿಯಸ್ ಬಂದು ಕೂತಿರುತ್ತದೆ. ಬೀಮ್ ಇಳಿಸದೆ ನಂಟು ಹುಡುಕಿದರೆ ತಪ್ಪು ಗಾಮಾಗಳೇ ಸಿಗುತ್ತವೆ. 188ಕ್ಕೆ ಆಲ್ಫಾ ಟ್ಯಾಗ್ ಕೈಬಿಟ್ಟು, ಸೆಪರೇಟರ್ ದಾಟಿದ ನ್ಯೂಕ್ಲಿಯಸ್ ಇದೆ ಎಂಬ ಗೇಟ್‌ನಲ್ಲೇ ತೃಪ್ತಿಪಡಬೇಕು. ಹಗುರ ನ್ಯೂಕ್ಲಿಯಸ್‌ಗಳಲ್ಲಿ ಆಲ್ಫಾ ಇಲ್ಲದಿದ್ದರೂ ಬೀಟಾ ಟ್ಯಾಗಿಂಗ್ ಉಂಟು, ಅರ್ಧಾಯಸ್ಸು ಚಿಕ್ಕದು ಮತ್ತು ಬೀಟಾದ ಶಕ್ತಿ ಹೆಚ್ಚು ಇದ್ದಾಗ ಮಾತ್ರ: ರುಬಿಡಿಯಂ-74 (65 ಮಿಲಿಸೆಕೆಂಡ್), ಆರ್ಸೆನಿಕ್-66 (96 ಮಿಲಿಸೆಕೆಂಡ್) ಆ ಬಗೆಯವು.

ಬಿಟ್ಟುಕೊಡುವುದೂ ಉಂಟು. ತೆಳು ಟಾರ್ಗೆಟ್ ಕಡ್ಡಾಯ, ಆದ್ದರಿಂದ ಡಾಪ್ಲರ್ ಅಟೆನ್ಯುಯೇಶನ್ ಇಲ್ಲ. ಪಿಕೋಸೆಕೆಂಡ್ ಆಯಸ್ಸು ಬೇಕಾದರೆ ಪ್ಲಂಜರ್ (ಟಾರ್ಗೆಟ್ಟಿನಿಂದ ಅಳೆದ ದೂರದಲ್ಲಿ ಹಾಳೆ ಇಡುವ ಸಾಧನ) ಕಟ್ಟಬೇಕು, ಅದರ ಡಿಗ್ರೇಡರ್ (ವೇಗ ತಗ್ಗಿಸುವ) ಹಾಳೆಯಿಂದ ಸೆಪರೇಟರಿನ ಸಾಗಣೆ ಕುಸಿಯುತ್ತದೆ. ಎಣಿಕೆ ಕಡಿಮೆಯಾದ್ದರಿಂದ ಗಾಮಾ-ಗಾಮಾ ಕೋಯಿನ್ಸಿಡೆನ್ಸ್ ಅಪರೂಪ. ಗೆರೆಗಳ ಕ್ರಮವನ್ನು ತೀವ್ರತೆ ನೋಡಿ ಊಹಿಸಬೇಕಾಗುತ್ತದೆ. ಆಲ್ಫಾ ಬಿಟ್ಟ ಚಾನೆಲ್‌ಗಳಲ್ಲಿ ಹಿಮ್ಮೆಟ್ಟುವ ನ್ಯೂಕ್ಲಿಯಸ್ ದಾರಿ ತಪ್ಪುವುದರಿಂದ 35 ಶೇಕಡ ಎಂಬುದು ಒಂದಂಕಿಗೆ ಇಳಿಯಬಹುದು, ಪ್ರಪೋಸಲ್‌ನಲ್ಲಿ ಇದನ್ನು ಮರೆತವರ ಲೆಕ್ಕ ಸಮಿತಿಯವರಿಗೆ ಮೊದಲ ನೋಟಕ್ಕೇ ಗೊತ್ತಾಗುತ್ತದೆ. ದೆಹಲಿಯ ಐಯುಎಸಿಯಲ್ಲಿ ಹೀರಾ ಮತ್ತು ಹೈರಾ ಎಂಬ ಸೆಪರೇಟರ್‌ಗಳಿವೆ. ಹೆಚ್ಚಾಗಿ ಫ್ಯೂಷನ್ ಪ್ರಕ್ರಿಯೆಯ ಅಧ್ಯಯನಕ್ಕೆ ಬಳಕೆಯಾಗುತ್ತವೆ. ನ್ಯಾನೊಬಾರ್ನ್ ಕೆಲಸಕ್ಕೆ ಹೊರಗೇ ಹೋಗಬೇಕು.

ಡಿಕೇ ಮತ್ತು ಐಸೋಮರ್

ಫ್ಯೂಷನ್ ಕೊಡುವುದು ಹೈ-ಸ್ಪಿನ್ ಮಟ್ಟಗಳನ್ನು. ಯ್ರಾಸ್ಟ್ ರೇಖೆಯಿಂದ (ಆಯಾ ಸ್ಪಿನ್ನಿಗೆ ಅತಿ ಕಡಿಮೆ ಶಕ್ತಿಯ ಮಟ್ಟಗಳ ಸಾಲು) ಮೇಲಿರುವ ಕಡಿಮೆ ಸ್ಪಿನ್ನಿನ ಮಟ್ಟಗಳು ಅದರಲ್ಲಿ ಮುಖ ತೋರಿಸುವುದಿಲ್ಲ. ಸೀಸ-186 ಇದಕ್ಕೆ ತಕ್ಕ ಉದಾಹರಣೆ. ಅದರ ಕೆಳಗಿನ ಮೂರೂ ಮಟ್ಟಗಳು 0+: ಒಂದು ಗೋಳ, ಒಂದು ಚಪ್ಪಟೆ, ಒಂದು ಉದ್ದ. ಎರಡನೆಯದು 532, ಮೂರನೆಯದು 650 ಕೆಇವಿ. 0+ನಿಂದ 0+ಗೆ ಗಾಮಾ ಹೊರಡುವಂತೆಯೇ ಇಲ್ಲ, ಎಲೆಕ್ಟ್ರಾನ್ ಹೊರಡುತ್ತದೆ. ನೂರು ಕ್ಲೋವರ್ ಇಟ್ಟರೂ ಅರೇ ಕುರುಡು. 2000ದಲ್ಲಿ ಪ್ರಕಟವಾದ ಈ ಫಲಿತಾಂಶ ಬಂದದ್ದು ಪೊಲೋನಿಯಂ-190ರ ಆಲ್ಫಾ ಡಿಕೇಯಿಂದ, ಜಿಎಸ್‌ಐನಲ್ಲಿ. ಆಕಾರಗಳ ಸಹಬಾಳ್ವೆಯೇ ನಿಮ್ಮ ವಿಷಯವಾದರೆ ಡಿಕೇ ಜೊತೆ ಎಲೆಕ್ಟ್ರಾನ್ ಡಿಟೆಕ್ಟರ್ ಇರುವ ಪ್ರಯೋಗ ಬೇಕು.

ತವರ-100ರ ಸುತ್ತಮುತ್ತ ಹೋಗುವವರಿಗೆ ಜಪಾನಿನ ರೈಕೆನ್‌ನಂಥ ಫ್ರಾಗ್ಮೆಂಟೇಶನ್ (ವೇಗದ ಭಾರ ನ್ಯೂಕ್ಲಿಯಸ್ಸನ್ನು ಒಡೆದು ತುಂಡು ಪಡೆಯುವ) ಕೇಂದ್ರ: ಪ್ರತಿ ನ್ಯೂಕ್ಲಿಯಾನ್‌ಗೆ 345 ಎಂಇವಿಯ ಕ್ಸೆನಾನ್-124 ಬೀಮ್, ಬೆರಿಲಿಯಂ ಟಾರ್ಗೆಟ್. ಪ್ರತಿ ಅಯಾನೂ ಗುರುತು ಹಿಡಿಸಿಕೊಂಡೇ ಬರುವುದರಿಂದ ಒಂದೂ ಗೆರೆ ಗೊತ್ತಿಲ್ಲದ ನ್ಯೂಕ್ಲಿಯಸ್‌ಗೂ ಇದು ಆಗುತ್ತದೆ. ಆದರೆ ದಾರಿಯಲ್ಲಿ ನೂರಾರು ನ್ಯಾನೊಸೆಕೆಂಡ್ ಕಳೆಯುವುದರಿಂದ ಅಷ್ಟು ಬದುಕುವ ಐಸೋಮರ್ (ದೀರ್ಘಾಯುಷಿ ಉದ್ರಿಕ್ತ ಮಟ್ಟ) ಇರಬೇಕು, ಇಲ್ಲವೇ ಬೀಟಾ ಡಿಕೇಗೆ ಕಾಯಬೇಕು. ಬೀಟಾ ತೀವ್ರತೆಯನ್ನು ಜರ್ಮೇನಿಯಂನಿಂದ ಮಾತ್ರ ಅಳೆದರೆ ಮೇಲಿನ ಮಟ್ಟಗಳಿಂದ ಚದುರಿ ಬರುವ ಸಣ್ಣ ಗಾಮಾಗಳು ಲೆಕ್ಕಕ್ಕೆ ಸಿಗದೆ ಕೆಳಮಟ್ಟಗಳ ಪಾಲು ಉಬ್ಬಿ ಕಾಣುತ್ತದೆ. ಇಂಥ ಗುಂಪುಗಳಲ್ಲಿ ವಿದ್ಯಾರ್ಥಿ ಐವತ್ತು ಜನರಲ್ಲಿ ಒಬ್ಬರು. ಒಂದು ನ್ಯೂಕ್ಲಿಯಸ್ ನಿಮ್ಮ ಹೆಸರಿಗೆ ಸಿಗುತ್ತದೆಯೇ ಎಂದು ಸೇರುವ ಮುಂಚೆಯೇ ಬಾಯಿಬಿಟ್ಟು ಕೇಳಿ.

ಕೈಯಲ್ಲಿ ದುಡ್ಡಿಲ್ಲ, ವರ್ಷವೂ ಇಲ್ಲ

ಕೋಲ್ಕತ್ತದ ಕೆ-130 ಸೈಕ್ಲೋಟ್ರಾನಿನ ಆಲ್ಫಾ ಬೀಮ್‌ನಿಂದ ಸ್ಥಿರತೆಗೆ ಹತ್ತಿರದ ನ್ಯೂಕ್ಲಿಯಸ್‌ಗಳು ಮಾತ್ರ ಸಿಗುತ್ತವೆ. ಆದರೆ ಕ್ರಾಸ್ ಸೆಕ್ಷನ್ ನೂರಾರು ಮಿಲಿಬಾರ್ನ್, ಒಂದೆರಡು ಚಾನೆಲ್ಲೇ ಪ್ರಧಾನ, ಹಿಮ್ಮೆಟ್ಟುವ ವೇಗ ಕಡಿಮೆ, ಯ್ರಾಸ್ಟ್‌ನಿಂದ ದೂರದ ಮಟ್ಟಗಳೂ ಕಾಣುತ್ತವೆ. ಡಿಸಿಒ (ಗಾಮಾಗಳನ್ನು ಬೇರೆ ಬೇರೆ ಕೋನದಲ್ಲಿ ಹೋಲಿಸಿ ಸ್ಪಿನ್ ತಿಳಿಯುವ ವಿಧಾನ), ಪೋಲರೈಸೇಶನ್ ಎಲ್ಲ ಕೈಗೆ ಹತ್ತಲು ಇದು ಸಾಕು.

ಇನ್ನೂ ಅಗ್ಗದ್ದು ಹಳೆಯ ಡೇಟಾ. ಇಂಗಾದ ಒಂದು ಪ್ರಯೋಗದಲ್ಲಿ ಹತ್ತು ಚಾನೆಲ್ ತೆರೆದಿದ್ದರೆ ಪ್ರಕಟವಾಗಿರುವುದು ಎರಡೋ ಮೂರೋ. ಪಕ್ಕದ ಚಾನೆಲ್‌ಗಳ ಮೇಲೆ ಒಳ್ಳೆಯ ಥೀಸಿಸ್‌ಗಳೇ ಬಂದಿವೆ. ಬೇಕಾಗುವುದು ಒಂದು ಲ್ಯಾಪ್‌ಟಾಪ್, ಸ್ಪೆಕ್ಟ್ರಮ್ ವಿಶ್ಲೇಷಿಸುವ ಸಾಫ್ಟ್‌ವೇರ್ ರ‍್ಯಾಡ್‌ವೇರ್, ಮೂಲ ಗುಂಪಿನ ಲಿಖಿತ ಒಪ್ಪಿಗೆ. ಡೇಟಾ ಕೈಗೆ ಬಂದ ದಿನವೇ ಯುರೋಪಿಯಂ-152, ಬೇರಿಯಂ-133 ಕ್ಯಾಲಿಬ್ರೇಶನ್ ಫೈಲ್‌ಗಳು ಜೊತೆಗಿವೆಯೇ ನೋಡಿ. ಅವಿಲ್ಲದೆ ದಕ್ಷತೆಯ ತಿದ್ದುಪಡಿ ಇಲ್ಲ, ಪೋಲರೈಸೇಶನ್‌ನ ಅಸಮತೆ ತಿದ್ದುವ ಗುಣಾಂಕವೂ ಇಲ್ಲ. ಆಗ ಡೇಟಾದಿಂದ ಲೆವೆಲ್ ಸ್ಕೀಮ್ ಬಿಡಿಸಬಹುದು, ಪ್ಯಾರಿಟಿ ಹೇಳಲಾಗದು.

ಯಾವ ದಾರಿ ಹಿಡಿದರೂ ಕ್ರಾಸ್ ಸೆಕ್ಷನ್ ಅಂದಾಜು ಪೇಸ್‌ನಂಥ ಪ್ರೋಗ್ರಾಮಿನಿಂದಲೇ ಬರುತ್ತದೆ. ದೊಡ್ಡ ಚಾನೆಲ್‌ಗಳಿಗೆ ಅದು ನಂಬಬಹುದಾದ್ದು. 1 ಮಿಲಿಬಾರ್ನ್‌ಗಿಂತ ಕೆಳಗೆ ಹತ್ತು ಪಟ್ಟು ತಪ್ಪಿದರೂ ಅಚ್ಚರಿಯಿಲ್ಲ, ತಪ್ಪುವುದು ಹೆಚ್ಚಾಗಿ ಆಸೆ ಹುಟ್ಟಿಸುವ ಕಡೆಗೇ. ಪಕ್ಕದ ಐಸೊಟೋಪ್‌ಗೆ ಅದೇ ಬೀಮಿನಿಂದ ಅಳೆದ ಸಂಖ್ಯೆ ಇದ್ದರೆ ಪೇಸ್‌ನ ಉತ್ತರವನ್ನು ಅದಕ್ಕೆ ತಾಳೆ ಹಾಕಿ ಇಳಿಸಿಕೊಳ್ಳಿ. ಬೀಮ್ ಶಕ್ತಿಗೆ ಟಾರ್ಗೆಟ್‌ನ ಮಧ್ಯಬಿಂದುವಿನ ಬೆಲೆ ಬಳಸಿ. ಶಕ್ತಿ 5 ಎಂಇವಿ ಆಚೀಚೆಯಾದರೆ ಎರಡು ನ್ಯೂಟ್ರಾನಿನ ಚಾನೆಲ್ ಮೂರಕ್ಕೆ ಜಾರುವುದುಂಟು. ಆದ್ದರಿಂದ ಕೇಳುವ ಶಿಫ್ಟ್‌ಗಳಲ್ಲಿ ಮೊದಲ ಎರಡನ್ನು ಮೂರು ಬೀಮ್ ಶಕ್ತಿಗಳ ತಪಾಸಣೆಗೆಂದೇ ಬರೆದಿಡಿ.